ನಿದ್ದೆ ಬಾರದವರಿಗೆ ನೆರವಾಗಲು ಮನಶ್ಶಾಸ್ತ್ರ ವಿದ್ಯಾರ್ಥಿಗಳನ್ನು ತಯಾರು ಮಾಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಇದೇ ನಡೆಯುತ್ತದೆ. ಎಂ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ ಮೊದಲ ಸಲ ನಿದ್ದೆ ಬಾರದವರೊಬ್ಬರ ಎದುರು ಕೂರುತ್ತಾಳೆ. ಹತ್ತು ನಿಮಿಷ ಕೇಳಿಸಿಕೊಳ್ಳುತ್ತಾಳೆ. ಆಮೇಲೆ ಸಲಹೆ ಶುರು. ಸಂಜೆ ಕಾಫಿ ಬಿಡಿ, ಮೊಬೈಲ್ ದೂರ ಇಡಿ, ಬಿಸಿ ಹಾಲು ಕುಡಿಯಿರಿ, ಟೆನ್ಷನ್ ಮಾಡ್ಕೋಬೇಡಿ. ಎದುರಿಗೆ ಕೂತವರು ಎಲ್ಲಕ್ಕೂ ತಲೆ ಆಡಿಸುತ್ತಾರೆ. ಇದೆಲ್ಲ ಅವರು ಆಗಲೇ ಮಾಡಿ ನೋಡಿ ಸೋತದ್ದು. ಮುಂದಿನ ವಾರ ಅವರು ಬರುವುದಿಲ್ಲ.

ತಪ್ಪು ಆ ಹುಡುಗಿಯದಲ್ಲ, ನಾವು ಕಲಿಸುವ ಕ್ರಮದ್ದು. ಮೊದಲು ಥಿಯರಿ, ಆಮೇಲೆ ಸಲಹೆಗಳು, ಸಮಯ ಉಳಿದರೆ ನಿದ್ದೆ ಡೈರಿ ಅಂತ ಕಲಿಸುತ್ತೇವೆ. ಇದನ್ನು ತಲೆಕೆಳಗು ಮಾಡಬೇಕು. ಡೈರಿ ಮೊದಲು, ಲೆಕ್ಕ ಆಮೇಲೆ, ಸಲಹೆ ಎಲ್ಲಕ್ಕಿಂತ ಕೊನೆಗೆ.

ಇಲ್ಲಿ ಹೇಳುತ್ತಿರುವ ವಿಧಾನಕ್ಕೆ ಸಿಬಿಟಿ-ಐ ಅಂತ ಹೆಸರು. ನಿದ್ರಾಹೀನತೆಗಾಗಿಯೇ ರೂಪಿಸಿದ ಅರಿವು-ನಡವಳಿಕೆ ಚಿಕಿತ್ಸೆ ಇದು. ದೊಡ್ಡವರ ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದ ಚಿಕಿತ್ಸೆ ಇದೇ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಘಟನೆ 2016ರಲ್ಲೇ ಶಿಫಾರಸು ಮಾಡಿದೆ. ಸಾಮಾನ್ಯವಾಗಿ 4ರಿಂದ 8 ಭೇಟಿಯಲ್ಲಿ ಮುಗಿಯುತ್ತದೆ. ಅಷ್ಟರಲ್ಲೇ ಮುಗಿಯಬೇಕು ಅಂದರೆ ಒಂದು ಹೆಜ್ಜೆಯೂ ಹಿಂದುಮುಂದಾಗಬಾರದು.

## ಮೊದಲು ಕೈಗೆ ಬೇಕಾದವು

ದುಬಾರಿ ಸಾಮಾನು ಏನೂ ಬೇಡ. ಇಷ್ಟಿದ್ದರೆ ಸಾಕು:

- ಕನ್ನಡದಲ್ಲಿ ಅಚ್ಚು ಹಾಕಿದ ನಿದ್ದೆ ಡೈರಿ, ಒಬ್ಬರಿಗೆ ಕನಿಷ್ಠ 8 ವಾರದ ಹಾಳೆ
- ನಿದ್ರಾಹೀನತೆ ಎಷ್ಟು ತೀವ್ರ ಅಂತ ಅಳೆಯುವ ಐಎಸ್ಐ ಪ್ರಶ್ನಾವಳಿ (7 ಪ್ರಶ್ನೆ, 0ರಿಂದ 28 ಅಂಕ)
- ಗೊರಕೆ ಮತ್ತು ಉಸಿರುಕಟ್ಟುವಿಕೆ ಪತ್ತೆಗೆ ಸ್ಟಾಪ್-ಬ್ಯಾಂಗ್ ಪ್ರಶ್ನಾವಳಿ (8 ಪ್ರಶ್ನೆ), ಕತ್ತಿನ ಸುತ್ತಳತೆಗೆ ಒಂದು ಟೇಪು
- ಒಬ್ಬ ಮನೋವೈದ್ಯರು, ಒಬ್ಬ ಫಿಸಿಶಿಯನ್. ಇಬ್ಬರ ಫೋನ್ ನಂಬರೂ ಗೋಡೆ ಮೇಲೆ ಅಂಟಿಸಿರಬೇಕು
- ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಅದೇ ಹಾಳೆಯಲ್ಲಿ

ಸಮಯ ಪೂರ್ತಿ ಒಂದು ಸೆಮಿಸ್ಟರ್ ಬೇಕು. ಎರಡು ದಿನದ ಕಾರ್ಯಾಗಾರ ಮಾಡಿ ಸರ್ಟಿಫಿಕೇಟ್ ಕೊಡುವುದಾದರೆ ಈ ಕೆಲಸಕ್ಕೆ ಕೈ ಹಾಕದೇ ಇರುವುದೇ ಒಳ್ಳೆಯದು.

ಇನ್ನೊಂದು ಮಾತನ್ನು ಮೊದಲ ದಿನವೇ ಹೇಳಿಬಿಡಿ. ಬಂದವರಿಗೆ "ನಾನು ವಿದ್ಯಾರ್ಥಿ, ನನ್ನ ಮೇಲ್ವಿಚಾರಕರು ಇಂಥವರು" ಅಂತ ಬಾಯಿಬಿಟ್ಟು ಹೇಳಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳಲು ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಬೇಕು. ವಿದ್ಯಾರ್ಥಿಗೆ ಅದಿಲ್ಲ.

## ಹಂತ 1: ವಿದ್ಯಾರ್ಥಿ ತನ್ನದೇ ಡೈರಿ ಬರೆಯಲಿ (2 ವಾರ)

ಬೇರೆಯವರ ಡೈರಿ ಮುಟ್ಟುವ ಮುಂಚೆ ತನ್ನದನ್ನು 14 ದಿನ ಬರೆಯಬೇಕು. ಕಾಲಂಗಳು ಇವು: ಹಾಸಿಗೆಗೆ ಹೋದ ಹೊತ್ತು, ನಿದ್ದೆ ಮಾಡಲು ಕಣ್ಣು ಮುಚ್ಚಿದ ಹೊತ್ತು, ನಿದ್ದೆ ಹತ್ತಲು ಹಿಡಿದ ನಿಮಿಷ, ನಡುವೆ ಎಷ್ಟು ಸಲ ಎಚ್ಚರ, ಒಟ್ಟು ಎಷ್ಟು ನಿಮಿಷ, ಕೊನೆಗೆ ಎಚ್ಚರವಾದ ಹೊತ್ತು, ಹಾಸಿಗೆ ಬಿಟ್ಟ ಹೊತ್ತು, ಹಗಲು ನಿದ್ದೆ. ಜೊತೆಗೆ ಕಾಫಿ, ಟೀ, ಮದ್ಯ, ಮಾತ್ರೆ.

ಬೆಳಿಗ್ಗೆ ಎದ್ದ ಒಂದು ಗಂಟೆಯೊಳಗೆ ಅಂದಾಜಿನಲ್ಲಿ ತುಂಬಬೇಕು. ರಾತ್ರಿ ಗಡಿಯಾರ ನೋಡಿ ಬರೆದರೆ ಡೈರಿಯೇ ನಿದ್ದೆ ಕೆಡಿಸುತ್ತದೆ.

ಮಾಮೂಲಿ ತಪ್ಪು: ಭಾನುವಾರ ಕೂತು ಏಳು ದಿನದ್ದನ್ನೂ ಒಟ್ಟಿಗೆ ತುಂಬುವುದು. ಹಾಳೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಏಳೂ ಸಾಲಿಗೆ ಒಂದೇ ಪೆನ್ನು, ಒಂದೇ ಒತ್ತು. ಮೇಲಿಂದ ಕೆಳಗೆ 11, 11, 11, ಪಕ್ಕದಲ್ಲಿ 6, 6, 6. ನಿಜವಾದ ಡೈರಿ ಹಾಗಿರುವುದಿಲ್ಲ. ಅದರಲ್ಲಿ 11:20 ಇರುತ್ತದೆ, ಹೊಡೆದು ತಿದ್ದಿದ ಗುರುತು ಇರುತ್ತದೆ, ಒಂದು ದಿನ ನೀಲಿ ಪೆನ್ನು, ಇನ್ನೊಂದು ದಿನ ಪೆನ್ಸಿಲ್ ಇರುತ್ತದೆ. ಒಟ್ಟಿಗೆ ತುಂಬಿದ ಹಾಳೆ ತಂದ ವಿದ್ಯಾರ್ಥಿಯನ್ನು ಬೈಯಬೇಡಿ. "ಯಾವ ದಿನ ಬಿಟ್ಟುಹೋಯ್ತು? ಯಾಕೆ?" ಅಂತ ಕೇಳಿ. ಮುಂದೆ ತನ್ನ ಹತ್ತಿರ ಬಂದವರು ಇಂಥದೇ ಹಾಳೆ ತಂದಾಗ ಆಕೆಯೂ ಹಾಗೆಯೇ ಮೆತ್ತಗೆ ಕೇಳುತ್ತಾಳೆ.

ಎಚ್ಚರಿಕೆಯ ಗುರುತು: ವಿದ್ಯಾರ್ಥಿಗೇ ನಿದ್ದೆಯ ತೊಂದರೆ ಇರುವುದು ಇಲ್ಲಿ ಹೊರಗೆ ಬರಬಹುದು. ಅದನ್ನು ತರಗತಿಯಲ್ಲಿ ಎತ್ತಬೇಡಿ. ಪ್ರತ್ಯೇಕವಾಗಿ ಮಾತಾಡಿ, ಬೇರೊಬ್ಬರ ಹತ್ತಿರ ಸಹಾಯ ಕೊಡಿಸಿ.

## ಹಂತ 2: ಎರಡು ಶಕ್ತಿ, ಎರಡು ಪದ

ನಿದ್ದೆಯನ್ನು ಎರಡು ಶಕ್ತಿಗಳು ನಡೆಸುತ್ತವೆ. ಒಂದು ನಿದ್ದೆಯ ಹಸಿವು. ಎಚ್ಚರವಿದ್ದಷ್ಟೂ ಅದು ಏರುತ್ತದೆ, ಮಲಗಿದರೆ ಇಳಿಯುತ್ತದೆ. ಇನ್ನೊಂದು ದೇಹದ ಗಡಿಯಾರ, ಮಲಗುವ ಏಳುವ ಹೊತ್ತನ್ನು ಒಳಗಿಂದಲೇ ಹೇಳುವಂಥದು. ಸಂಜೆ 6ಕ್ಕೆ ಹೊಟ್ಟೆ ತುಂಬ ಬಜ್ಜಿ ತಿಂದರೆ ರಾತ್ರಿ ಊಟ ಸೇರುತ್ತಾ? ಮಧ್ಯಾಹ್ನ ಎರಡು ಗಂಟೆ ಮಲಗಿದವರಿಗೆ ರಾತ್ರಿ ನಿದ್ದೆಯೂ ಹಾಗೆಯೇ. ಇದನ್ನು ವಿದ್ಯಾರ್ಥಿ 5 ನಿಮಿಷದಲ್ಲಿ, ಒಬ್ಬ ಅಜ್ಜಿಗೆ ಅರ್ಥವಾಗುವ ಕನ್ನಡದಲ್ಲಿ, ಒಂದೂ ಪಾರಿಭಾಷಿಕ ಪದ ಇಲ್ಲದೆ ಹೇಳಬೇಕು. ಬರುವ ತನಕ ಹೇಳಿಸಿ.

ಇನ್ನು ಎರಡು ಪದ: ತೂಕಡಿಕೆ ಮತ್ತು ಸುಸ್ತು. ಇಡೀ ತರಬೇತಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ನನ್ನ ಪ್ರಕಾರ ಇನ್ನೊಂದಿಲ್ಲ. ಸುಸ್ತು ಅಂದರೆ ಮೈ ಸೋತಿರುವುದು. ತೂಕಡಿಕೆ ಅಂದರೆ ಕಣ್ಣು ತಾನಾಗಿ ಎಳೆಯುವುದು. ನಿದ್ರಾಹೀನತೆ ಇರುವ ಹೆಚ್ಚಿನವರಿಗೆ ಹಗಲು ಸುಸ್ತು ಇರುತ್ತದೆ, ತೂಕಡಿಕೆ ಇರುವುದಿಲ್ಲ. ಸುಸ್ತಾಗಿದೆ ಅಂತ ಒಂಬತ್ತಕ್ಕೇ ಮಲಗುತ್ತಾರೆ, ಹನ್ನೆರಡರವರೆಗೆ ಹೊರಳಾಡುತ್ತಾರೆ.

ಆದ್ದರಿಂದ "ನಿದ್ದೆ ಬರೋ ಹಾಗಿರುತ್ತಾ?" ಅಂತ ಕೇಳಿದರೆ ಸಾಲದು. "ಬಸ್ಸಲ್ಲಿ ಕೂತರೆ ಕಿಟಕಿಗೆ ತಲೆ ಬಡಿಯುತ್ತಾ? ಟಿವಿ ಮುಂದೆ ಜೋಂಪು ಹತ್ತುತ್ತಾ?" ಅಂತ ಕೇಳಬೇಕು. ಹಗಲು ಹೊತ್ತು ಕೂತಕೂತಲ್ಲೇ ಕಣ್ಣು ಮುಚ್ಚಿಹೋಗುತ್ತದೆ ಅಂದರೆ ಹುಷಾರಾಗಿ. ಬೇರೆ ಕಾಯಿಲೆ ಇರಬಹುದು.

## ಹಂತ 3: ಯಾರನ್ನು ತೆಗೆದುಕೊಳ್ಳಬೇಕು, ಯಾರನ್ನು ವೈದ್ಯರ ಹತ್ತಿರ ಕಳಿಸಬೇಕು

ವಾರಕ್ಕೆ ಕನಿಷ್ಠ 3 ರಾತ್ರಿ, ಕನಿಷ್ಠ 3 ತಿಂಗಳು, ಮಲಗಲು ಅವಕಾಶ ಇದ್ದೂ ನಿದ್ದೆ ಬಾರದಿರುವುದು ಅಥವಾ ನಡುವೆ ಮುರಿಯುವುದು, ಅದರಿಂದ ಹಗಲಿನ ಬದುಕು ಕೆಡುವುದು. ಇದು ದೀರ್ಘಕಾಲದ ನಿದ್ರಾಹೀನತೆ. "ಅವಕಾಶ ಇದ್ದೂ" ಅನ್ನುವುದನ್ನು ವಿದ್ಯಾರ್ಥಿಗಳು ಮರೆಯುತ್ತಾರೆ. ರಾತ್ರಿ 12ಕ್ಕೆ ಕೆಲಸ ಮುಗಿಸಿ 4ಕ್ಕೆ ಏಳಬೇಕಾದ ಹೂವಿನ ವ್ಯಾಪಾರಿಯ ಕಷ್ಟ ಬೇರೆ. ಅವರಿಗೆ ನಿದ್ದೆ ಬರುತ್ತದೆ, ಮಲಗಲು ಹೊತ್ತಿಲ್ಲ.

ಐಎಸ್ಐನಲ್ಲಿ 15ರಿಂದ 21 ಬಂದರೆ ಮಧ್ಯಮ, 22 ಮತ್ತು ಮೇಲೆ ತೀವ್ರ. ಅಂಕ ಬರೆದಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಈ ಕೆಳಗಿನವು ಕಂಡರೆ ವಿದ್ಯಾರ್ಥಿ ಅಲ್ಲೇ ನಿಲ್ಲಿಸಿ ನಿಮ್ಮ ಹತ್ತಿರ ಬರಬೇಕು:

- ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಂತ ಹಾಗಾಗುವುದು. ಇದನ್ನು ಹೇಳುವುದು ಗಂಡ ಅಥವಾ ಹೆಂಡತಿ, ಆದ್ದರಿಂದ ಅವರನ್ನೂ ಕೇಳಿ. ಸ್ಟಾಪ್-ಬ್ಯಾಂಗ್‌ನಲ್ಲಿ 3 ಅಥವಾ ಹೆಚ್ಚು ಬಂದರೆ ವೈದ್ಯರು ನೋಡಲಿ.
- ಮಲಗಿದಾಗ ಕಾಲಲ್ಲಿ ಏನೋ ಹರಿದಾಡಿದ ಹಾಗೆ, ಆಡಿಸದೆ ಇರಲು ಆಗುವುದಿಲ್ಲ ಅನ್ನುವುದು.
- ಹಿಂದೆ ಯಾವಾಗಲಾದರೂ ಮೂರು ಗಂಟೆ ಮಲಗಿ ಸುಸ್ತೇ ಇಲ್ಲದೆ ದಿನಗಟ್ಟಲೆ ಓಡಾಡಿದ್ದು, ವಿಪರೀತ ಖರ್ಚು, ವಿಪರೀತ ಮಾತು. ಬೈಪೋಲಾರ್ (ಮನಸ್ಸು ವಿಪರೀತ ಏರಿ ಇಳಿಯುವ ಕಾಯಿಲೆ) ಇರಬಹುದು. ಹಂತ 5ರಲ್ಲಿ ಬರುವ ಹಾಸಿಗೆ ಸಮಯ ಕಡಿತ ಅವರಿಗೆ ಅಪಾಯ.
- ಫಿಟ್ಸ್, ನಿದ್ದೆಯಲ್ಲಿ ಎದ್ದು ನಡೆಯುವ ಅಭ್ಯಾಸ.
- ಲಾರಿ, ಬಸ್ಸು, ಕ್ಯಾಬ್ ಓಡಿಸುವವರು, ಎತ್ತರದಲ್ಲಿ ಅಥವಾ ದೊಡ್ಡ ಯಂತ್ರದ ಹತ್ತಿರ ಕೆಲಸ ಮಾಡುವವರು.
- ಸಾಯಬೇಕು ಅನ್ನಿಸುವುದು.

ಕೊನೆಯದನ್ನು ಐಎಸ್ಐ ಕೇಳುವುದಿಲ್ಲ. ವಿದ್ಯಾರ್ಥಿಯೇ ಕೇಳಬೇಕು, ನೇರವಾಗಿ: "ರಾತ್ರಿ ಎಚ್ಚರ ಇದ್ದಾಗ ಬದುಕೋದೇ ಬೇಡ ಅನ್ನಿಸಿದ್ದುಂಟಾ?" ಕೇಳಿದರೆ ಆ ಯೋಚನೆ ನಾವೇ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ವಿದ್ಯಾರ್ಥಿಗಳು ಹೆದರುತ್ತಾರೆ. ಹಾಗಾಗುವುದಿಲ್ಲ. ಆದರೆ ಓದಿಕೊಂಡು ಬಂದರೆ ಸಾಲದು, ಈ ಒಂದು ವಾಕ್ಯವನ್ನು ಇಪ್ಪತ್ತು ಸಲ ಬಾಯಲ್ಲಿ ಹೇಳಿಸಿ. ಹೌದು ಅಂದರೆ ಅವರನ್ನು ಒಬ್ಬರೇ ಮನೆಗೆ ಕಳಿಸಬಾರದು, ಅದೇ ಗಳಿಗೆ ನಿಮಗೆ ತಿಳಿಸಬೇಕು.

ಮಾತ್ರೆಯ ವಿಷಯ. "ಮಾತ್ರೆ ತಗೋತೀರಾ?" ಅಂದರೆ ಬಹಳ ಜನ ಇಲ್ಲ ಅನ್ನುತ್ತಾರೆ. "ಮನೆಯಲ್ಲಿರೋ ಎಲ್ಲ ಸ್ಟ್ರಿಪ್ ತನ್ನಿ, ನೋಡೋಣ" ಅಂದರೆ ಪರ್ಸಿನಿಂದ ಆತಂಕಕ್ಕೆ, ನಿದ್ದೆಗೆ ನುಂಗುವ ಆಲ್ಪ್ರಝೋಲಾಮ್ ಮಾತ್ರೆಯ ಅರ್ಧ ಕತ್ತರಿಸಿದ ಸ್ಟ್ರಿಪ್ ಬರುತ್ತದೆ. ಇಂಥ ಮಾತ್ರೆ ದಿನಾ ನುಂಗುತ್ತಿದ್ದವರು ದಿಢೀರ್ ಅಂತ ಬಿಟ್ಟರೆ ಫಿಟ್ಸ್ ಬರಬಹುದು. ಕಡಿಮೆ ಮಾಡುವುದು ಬರೆದುಕೊಟ್ಟ ವೈದ್ಯರ ಕೆಲಸ. ವಿದ್ಯಾರ್ಥಿ "ಬಿಡಿ" ಅನ್ನುವ ಮಾತನ್ನೇ ಆಡಬಾರದು. ದಿನಾ ಕುಡಿಯುವವರ ಮದ್ಯಕ್ಕೂ ಇದೇ ನಿಯಮ.

ಬೆಂಗಳೂರಿನಲ್ಲಿ ಇದ್ದರೆ ರಾತ್ರಿ ಪಾಳಿಯ ಐಟಿ, ಬಿಪಿಒ ನೌಕರರು ಜಾಸ್ತಿ ಬರುತ್ತಾರೆ. ಪಾಳಿ ಬದಲಾಗುತ್ತಿದ್ದರೆ ಮುಂದೆ ಹೇಳುವ ಲೆಕ್ಕ ಕೂರುವುದಿಲ್ಲ. ಕಲಿಯುವವರಿಗೆ ಮೊದಲ ಕೇಸಾಗಿ ಇವರನ್ನು ಕೊಡಬೇಡಿ.

## ಹಂತ 4: ಲೆಕ್ಕ

ಬಂದವರು ಎರಡು ವಾರದ ಡೈರಿ ತಂದ ಮೇಲೆ ಲೆಕ್ಕ. ಅಲ್ಲಿಯವರೆಗೆ ಯಾವ ಸಲಹೆಯೂ ಇಲ್ಲ. ವಿದ್ಯಾರ್ಥಿಗೆ ಇದು ತುಂಬ ಕಷ್ಟ, ಏನೂ ಕೊಡದೆ ಕಳಿಸಿದೆನಲ್ಲ ಅನ್ನಿಸುತ್ತದೆ. "ನಿಮ್ಮ ನಿದ್ದೆ ಹೇಗಿದೆ ಅಂತ ನೋಡದೆ ಏನಾದರೂ ಹೇಳಿದರೆ ತಪ್ಪಾಗುತ್ತೆ" ಅಂತ ಹೇಳಲು ಕಲಿಸಿ. ಜನ ಒಪ್ಪುತ್ತಾರೆ.

ಒಂದು ರಾತ್ರಿಯ ಉದಾಹರಣೆ. ಒಬ್ಬ ಗೃಹಿಣಿ 9:30ಕ್ಕೆ ಮಲಗಿದರು, 5:30ಕ್ಕೆ ಎದ್ದರು. ಹಾಸಿಗೆಯಲ್ಲಿ ಒಟ್ಟು 480 ನಿಮಿಷ. ನಿದ್ದೆ ಹತ್ತಲು 80 ನಿಮಿಷ, ನಡುವೆ ಎಚ್ಚರ 70, ಐದಕ್ಕೇ ಎಚ್ಚರವಾಗಿ ಸುಮ್ನೆ ಮಲಗಿದ್ದು 30. ಎಚ್ಚರ ಒಟ್ಟು 180. ನಿದ್ದೆ 300 ನಿಮಿಷ, ಅಂದರೆ 5 ಗಂಟೆ.

ನಿದ್ದೆಯ ದಕ್ಷತೆ (ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನಿದ್ದೆಯ ಪಾಲು) = 300 ÷ 480 × 100 = 62.5%.

ಹೀಗೆ ಪ್ರತಿ ರಾತ್ರಿಯದೂ ತೆಗೆದು ಸರಾಸರಿ ಮಾಡಬೇಕು. ಹಳೆಯ, ಹೆಸರು ಅಳಿಸಿದ ಡೈರಿಗಳಿಂದ ಹತ್ತು ಲೆಕ್ಕ ಮಾಡಿಸಿ, ಹತ್ತೂ ಸರಿ ಬಂದ ಮೇಲೆ ಮಾತ್ರ ಮುಂದಕ್ಕೆ. ತಪ್ಪುವ ಜಾಗಗಳು ಗೊತ್ತಿರುವವೇ: ಮಧ್ಯರಾತ್ರಿ ದಾಟುವ ಕಳೆಯುವ ಲೆಕ್ಕ, ಬೆಳಗಿನ ಎಚ್ಚರವನ್ನು ಬಿಟ್ಟುಬಿಡುವುದು, ಅತಿ ಕೆಟ್ಟ ಒಂದು ರಾತ್ರಿಯನ್ನೇ ಹಿಡಿದು ಕೂರುವುದು. ಸ್ಮಾರ್ಟ್‌ವಾಚ್ ತೋರಿಸುವ "ಗಾಢ ನಿದ್ದೆ" ಅಂಕಿಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಬೆಳಿಗ್ಗೆ ಎದ್ದು ಮೊದಲು ವಾಚ್ ನೋಡಿ, ಆಮೇಲೆ ಸುಸ್ತಾಗಿದೆಯೋ ಇಲ್ಲವೋ ತೀರ್ಮಾನಿಸುವವರು ಹೆಚ್ಚುತ್ತಿದ್ದಾರೆ.

## ಹಂತ 5: ಹಾಸಿಗೆಯ ಸಮಯ ಕಟ್ಟುವುದು

ಇಲ್ಲಿಯೇ ಹೆಚ್ಚಿನವರು ಬೀಳುವುದು. ನಿಧಾನವಾಗಿ ಕಲಿಸಿ.

ಮೊದಲು ಏಳುವ ಹೊತ್ತು ಗಟ್ಟಿ ಮಾಡಬೇಕು, ಮಲಗುವ ಹೊತ್ತಲ್ಲ. ಆ ಗೃಹಿಣಿಗೆ ಮಕ್ಕಳ ಡಬ್ಬಿ ಕಟ್ಟಲು 5:30ಕ್ಕೆ ಏಳಲೇಬೇಕು. ಹಾಗಾದರೆ ಭಾನುವಾರವೂ 5:30. ಎರಡು ವಾರದ ಸರಾಸರಿ ನಿದ್ದೆ 5 ಗಂಟೆ ಬಂತು ಅಂದುಕೊಳ್ಳಿ. ಅದಕ್ಕೆ ಅರ್ಧ ಗಂಟೆ ಸೇರಿಸಿ ಐದೂವರೆ ಗಂಟೆ. 5:30ರಿಂದ ಹಿಂದಕ್ಕೆ ಎಣಿಸಿದರೆ ರಾತ್ರಿ 12. ಅದಕ್ಕೆ ಮುಂಚೆ ಹಾಸಿಗೆಗೆ ಹೋಗುವಂತಿಲ್ಲ. ನಿದ್ದೆ ಎಷ್ಟೇ ಕಡಿಮೆ ಇದ್ದರೂ ಹಾಸಿಗೆಯ ಸಮಯ 5 ಗಂಟೆಗಿಂತ ಕೆಳಗೆ ಇಳಿಸಬಾರದು.

ವಾರದ ನಂತರ ಮತ್ತೆ ಲೆಕ್ಕ. ದಕ್ಷತೆ 85% ಮತ್ತು ಮೇಲಿದ್ದರೆ 15 ನಿಮಿಷ ಬೇಗ ಮಲಗಬಹುದು. 80ಕ್ಕಿಂತ ಕಡಿಮೆ ಇದ್ದರೆ 15 ನಿಮಿಷ ಕಡಿತ. ನಡುವೆ ಇದ್ದರೆ ಹಾಗೇ ಮುಂದುವರಿಸಿ. ಆ ಗೃಹಿಣಿ ಮತ್ತೆ ಅದೇ 5 ಗಂಟೆ ಮಲಗಿದರು ಅಂತಿಟ್ಟುಕೊಳ್ಳಿ. 300 ÷ 330, ಹತ್ತಿರಹತ್ತಿರ 91%. ನಿದ್ದೆ ಒಂದು ನಿಮಿಷವೂ ಹೆಚ್ಚಿಲ್ಲ, ಆದರೆ ಮೂರು ಗಂಟೆಯ ಹೊರಳಾಟ ಅರ್ಧ ಗಂಟೆಗೆ ಇಳಿದಿದೆ. ಮುಂದಿನ ವಾರ 11:45. ಮೊದಲು ನಿದ್ದೆ ಗಟ್ಟಿಯಾಗುತ್ತದೆ, ಆಮೇಲೆ ಉದ್ದವಾಗುತ್ತದೆ. ಈ ಕ್ರಮ ವಿದ್ಯಾರ್ಥಿಗೆ ಮನದಟ್ಟಾಗಬೇಕು.

ಈಗ ರೋಲ್-ಪ್ಲೇ. ನೀವು ಆ ಗೃಹಿಣಿಯಾಗಿ. ಜೋರಾಗಿಯೇ ಕೇಳಿ: "ಏನಮ್ಮಾ, ನಿದ್ದೆ ಬರಲ್ಲ ಅಂತ ಬಂದ್ರೆ ಇನ್ನೂ ಲೇಟಾಗಿ ಮಲಗು ಅಂತೀಯಲ್ಲ!" ಹತ್ತರಲ್ಲಿ ಎಂಟು ವಿದ್ಯಾರ್ಥಿಗಳು ಕರಗುತ್ತಾರೆ. "ಸರಿ ಆಂಟಿ, ಹನ್ನೊಂದಕ್ಕೆ ಮಲಗಿ" ಅಂದುಬಿಡುತ್ತಾರೆ. ಕರುಣೆಯಿಂದಲೇ ಹಾಗೆ ಮಾಡುವುದು. ಆದರೆ ಆ ಒಂದು ಗಂಟೆಯೇ ಮತ್ತೆ ಹೊರಳಾಟವಾಗುತ್ತದೆ. ಕಲಿಸಬೇಕಾದ ಉತ್ತರ ಇಂಥದು: "ನಿಮ್ಮ ನಿದ್ದೆ ಕಮ್ಮಿ ಮಾಡ್ತಿಲ್ಲ ಆಂಟಿ. ಎಚ್ಚರವಾಗಿ ಮಲಗಿರೋ ಹೊತ್ತು ಕಮ್ಮಿ ಮಾಡ್ತಿದೀವಿ. ಮೊದಲ ಎರಡು ವಾರ ಕಷ್ಟ ಆಗುತ್ತೆ. ಆ ಎರಡು ವಾರ ನಾನು ನಿಮ್ಮ ಜೊತೆಗಿರ್ತೀನಿ."

ಎಚ್ಚರಿಕೆ: ಆ ಎರಡು ವಾರ ಹಗಲು ತೂಕಡಿಕೆ ಹೆಚ್ಚುತ್ತದೆ. ಸ್ಕೂಟರ್ ಓಡಿಸುವವರೇ, ಮಗುವನ್ನು ಶಾಲೆಗೆ ಬಿಡುವವರೇ ಅಂತ ಮೊದಲೇ ಕೇಳಿರಬೇಕು. ಹೌದಾದರೆ ಬೇರೆ ಏರ್ಪಾಡು ಆದ ಮೇಲೆ ಶುರು ಮಾಡಿ. ವಯಸ್ಸಾದವರಿಗೆ, ಬೀಳುವ ಭಯ ಇರುವವರಿಗೆ ಒಮ್ಮೆಲೇ ಕಡಿತ ಬೇಡ. ವಾರಕ್ಕೆ ಅರ್ಧ ಗಂಟೆಯ ಹಾಗೆ ಮೆಲ್ಲಗೆ ಇಳಿಸಿ.

## ಹಂತ 6: ಹಾಸಿಗೆ ಮತ್ತು ಎಚ್ಚರದ ನಂಟು ಬಿಡಿಸುವುದು

ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಹೊರಳಾಡಿದವರಿಗೆ ಹಾಸಿಗೆ ಕಂಡರೇ ಎಚ್ಚರ. ಸೋಫಾ ಮೇಲೆ ಜೋಂಪು ಹತ್ತಿತ್ತು, ಎದ್ದು ಹೋಗಿ ಮಲಗಿದ ಕೂಡಲೇ ಕಣ್ಣು ಬಿಟ್ಟಿತು ಅನ್ನುತ್ತಾರಲ್ಲ, ಅದೇ ಇದು. ನಿಯಮಗಳು ಸರಳ. ಕಟ್ಟಿದ ಸಮಯ ಬಂದಿರಬೇಕು, ತೂಕಡಿಕೆಯೂ ಬಂದಿರಬೇಕು, ಆಗ ಹಾಸಿಗೆ. ಹಾಸಿಗೆ ನಿದ್ದೆಗೆ ಮತ್ತು ದಾಂಪತ್ಯಕ್ಕೆ ಮಾತ್ರ. ಸುಮಾರು 15-20 ನಿಮಿಷ ಎಚ್ಚರ ಅನ್ನಿಸಿದರೆ ಎದ್ದು ಬೇರೆ ಕಡೆ ಹೋಗಬೇಕು, ಗಡಿಯಾರ ನೋಡದೆ ಅಂದಾಜಿನಲ್ಲಿ. ತೂಕಡಿಕೆ ಬಂದಾಗ ವಾಪಸ್. ಹಗಲು ನಿದ್ದೆ ಬೇಡ.

"ಬೇರೆ ಕೋಣೆಗೆ ಹೋಗಿ" ಅಂತ ಪುಸ್ತಕದಲ್ಲಿರುತ್ತದೆ. ನಮ್ಮಲ್ಲಿ ಎಷ್ಟೋ ಮನೆಯಲ್ಲಿ ಬೇರೆ ಕೋಣೆಯೇ ಇಲ್ಲ. ಹಾಲಿನಲ್ಲಿ ಚಾಪೆ ಹಾಸಿ ನಾಲ್ಕು ಜನ ಮಲಗಿರುತ್ತಾರೆ, ಪಕ್ಕದಲ್ಲಿ ಅತ್ತೆ. ಎದ್ದರೆ "ಯಾಕೆ, ಹುಷಾರಿಲ್ವಾ?" ಅಂತ ಎಲ್ಲರೂ ಏಳುತ್ತಾರೆ. ಆದ್ದರಿಂದ ವಿದ್ಯಾರ್ಥಿ ಮೊದಲು ಮನೆಯ ನಕ್ಷೆ ಬರೆಸಿಕೊಳ್ಳಬೇಕು. ಯಾರು ಎಲ್ಲಿ ಮಲಗುತ್ತಾರೆ, ಲೈಟಿನ ಸ್ವಿಚ್ ಎಲ್ಲಿ, ಬಾಗಿಲು ಕಿರುಗುಟ್ಟುತ್ತದಾ.

ಒಬ್ಬರಿಗೆ ನಾವು ಅಡುಗೆಮನೆಯ ಮೂಲೆ ಗೊತ್ತು ಮಾಡಿದೆವು. ಒಂದು ಮಣೆ, ಒಂದು ಶಾಲು, ಸಣ್ಣ ಬಲ್ಬು, ಒಂದು ಬಟ್ಟಲು ಹತ್ತಿ. ನಿದ್ದೆ ಬಾರದಾಗ ಅವರು ಅಲ್ಲಿ ಕೂತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಮೊದಲ ವಾರ ಡಬ್ಬಿ ತುಂಬಿತು. ಮೂರನೇ ವಾರ ಡೈರಿಯ ಪಕ್ಕದಲ್ಲಿ ಬರೆದಿದ್ದರು: "ನಿನ್ನೆ ಎರಡೇ ಬತ್ತಿ." ಮೊಬೈಲ್ ಬೇಡ, ಟಿವಿ ಬೇಡ ಅನ್ನುವ ಬದಲು ಕೈಗೊಂದು ಕೆಲಸ ಕೊಟ್ಟರೆ ಅದು ನಡೆಯುತ್ತದೆ. ಮನೆಯವರನ್ನು ಒಮ್ಮೆ ಕರೆಸಿ, ರಾತ್ರಿ ಎದ್ದು ಕೂತರೆ ಗಾಬರಿ ಬೇಡ, ಇದು ಚಿಕಿತ್ಸೆಯ ಭಾಗ ಅಂತ ತಿಳಿಸಿ.

## ಹಂತ 7: ಯೋಚನೆಗಳ ಕೆಲಸ, ಮತ್ತು ಕೊನೆಗೆ ಸಲಹೆ

ಮನೆಯವರು ಬಳಸುವ ಒಂದು ಗಾದೆ ಇದೆ: ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ. ಕೇಳಿದವರಿಗೆ ತನ್ನದೇ ತಪ್ಪು ಅನ್ನಿಸುತ್ತದೆ. ಅವರಿಗೆ ತಿಳಿಸಬೇಕಾದದ್ದು ಇದು: ಶುರುವಾದದ್ದು ಚಿಂತೆಯಿಂದ ಇರಬಹುದು. ಮುಂದುವರಿದದ್ದು ನಿದ್ದೆ ಸರಿಮಾಡಲು ಹೋಗಿ ಬೆಳೆಸಿಕೊಂಡ ಅಭ್ಯಾಸಗಳಿಂದ. ಬೇಗ ಮಲಗುವುದು, ಮಧ್ಯಾಹ್ನ ಮಲಗುವುದು, ರಾತ್ರಿಯಿಡೀ ಗಂಟೆ ನೋಡುವುದು. ಕಾರಣ ಹೋದರೂ ಅಭ್ಯಾಸ ಉಳಿಯುತ್ತದೆ.

"8 ಗಂಟೆ ಮಲಗದಿದ್ದರೆ ನಾಳೆ ಕೆಲಸವೇ ಆಗಲ್ಲ" ಅನ್ನುವವರ ಜೊತೆ ವಾದ ಮಾಡಬಾರದು. ಡೈರಿ ತೆಗೆಯಿರಿ. "ಮಂಗಳವಾರ ನಾಲ್ಕೇ ಗಂಟೆ ಮಲಗಿದ್ರಿ. ಬುಧವಾರ ಏನೇನು ಮಾಡಿದ್ರಿ?" ಅಂತ ಕೇಳಿ, ಸುಮ್ಮನಿರಿ. ಅವರೇ ಹೇಳುತ್ತಾರೆ. ಮಲಗುವ ಹೊತ್ತಿಗೆ ನಾಳೆಯ ಚಿಂತೆ ಮುತ್ತುವವರಿಗೆ ಸಂಜೆ 15 ನಿಮಿಷ ಹಾಳೆಯ ಮೇಲೆ ಚಿಂತೆ ಬರೆಯುವ ಹೊತ್ತು ಗೊತ್ತುಮಾಡಿ.

ಇನ್ನು ಕಾಫಿ, ಮೊಬೈಲ್, ಬೆಳಕು. ಇವನ್ನು ಐದು ನಿಮಿಷದಲ್ಲಿ ಮುಗಿಸಿ. ಮಧ್ಯಾಹ್ನದ ನಂತರ ಕಾಫಿ ಟೀ ಬೇಡ ಅಂದರೆ ಸಾಕು. ಬರೀ ಈ ಸಲಹೆಗಳನ್ನೇ ಚಿಕಿತ್ಸೆಯಾಗಿ ಕೊಡಬೇಡಿ ಎಂದು ಅಮೆರಿಕದ ನಿದ್ರಾವೈದ್ಯಕೀಯ ಅಕಾಡೆಮಿ 2021ರ ಮಾರ್ಗಸೂಚಿಯಲ್ಲಿ ಹೇಳಿದೆ.

## ಹಂತ 8: ಮೇಲ್ವಿಚಾರಣೆ

ಮೊದಲ ಕೇಸಿನಲ್ಲಿ ವಿದ್ಯಾರ್ಥಿ ನಿಮ್ಮ ಪಕ್ಕ ಕೂತು ನೋಡಲಿ, ಲೆಕ್ಕ ಮಾತ್ರ ಅವಳದು. ಎರಡನೆಯದರಲ್ಲಿ ಮಾತು ಅವಳದು, ನೀವು ಪಕ್ಕದಲ್ಲಿ. ಮೂರನೆಯದರಲ್ಲಿ ಅವಳೊಬ್ಬಳೇ, ಒಪ್ಪಿಗೆ ಪಡೆದು ಆಡಿಯೊ ರೆಕಾರ್ಡ್. ವಾರಕ್ಕೊಂದು ಗಂಟೆ ನಿಮ್ಮ ಜೊತೆ. ಪ್ರತಿ ಭೇಟಿಗೂ ಮುಂಚೆ ದಕ್ಷತೆಯ ಲೆಕ್ಕ ನಿಮ್ಮ ಕಣ್ಣಿಗೆ ಬೀಳಲೇಬೇಕು.

ವಿದ್ಯಾರ್ಥಿ ಇನ್ನೂ ತಯಾರಾಗಿಲ್ಲ ಅನ್ನುವ ಗುರುತುಗಳು: ಬಂದವರು ಸುಮ್ಮನಾದ ಕೂಡಲೇ ಸಲಹೆ ತುಂಬುತ್ತಾಳೆ. ಡೈರಿ ತರದಿದ್ದರೆ ನೆನಪಿನಿಂದ ಹೇಳಿ ಅನ್ನುತ್ತಾಳೆ. ಎರಡನೇ ವಾರ "ಕಷ್ಟ ಜಾಸ್ತಿ ಆಯ್ತು" ಅಂತ ಫೋನ್ ಬಂದರೆ ನಿಮ್ಮನ್ನು ಕೇಳದೆ ನಿಯಮ ಸಡಿಲ ಮಾಡುತ್ತಾಳೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಆದ್ದರಿಂದ ಹಾಸಿಗೆ ಸಮಯ ಕಡಿತದ ಮೊದಲ ಎರಡು ವಾರ ಅವಳು ನಿಮಗೆ ಯಾವಾಗ ಬೇಕಾದರೂ ಫೋನ್ ಮಾಡುವ ಹಾಗಿರಬೇಕು.

## ಹಂತ 9: ಮುಗಿಸುವುದು

ಮತ್ತೆ ಐಎಸ್ಐ ಹಾಕಿ. 8 ಅಂಕದಷ್ಟು ಇಳಿದಿದ್ದರೆ ಒಳ್ಳೆಯ ಸುಧಾರಣೆ. ಒಟ್ಟು ಅಂಕ 8ಕ್ಕಿಂತ ಕೆಳಗೆ ಬಂದರೆ ನಿದ್ರಾಹೀನತೆ ಉಳಿದಿಲ್ಲ ಅಂತ ಅರ್ಥ. ಇಳಿಯದಿದ್ದರೆ ಹಂತ 3ಕ್ಕೆ ವಾಪಸ್ ಹೋಗಿ. ಗೊರಕೆಯೋ, ಖಿನ್ನತೆಯೋ, ಮಾತ್ರೆಯೋ ಕಣ್ಣು ತಪ್ಪಿಸಿಕೊಂಡಿರಬಹುದು.

ಮನೆಯಲ್ಲೊಂದು ಸಾವಾಗಬಹುದು, ಮಗಳ ಮದುವೆ ಬರಬಹುದು, ನಿದ್ದೆ ಮತ್ತೆ ಕೆಡಬಹುದು. ಆಗ ಏನು ಮಾಡಬೇಕು ಅಂತ ಒಂದು ಪುಟ ಬರೆಸಿ, ಬಂದವರ ಕೈಬರಹದಲ್ಲೇ. ಬೇಗ ಮಲಗಲು ಹೋಗಬೇಡ, ಏಳುವ ಹೊತ್ತು ಬದಲಿಸಬೇಡ, ಒಂದು ವಾರ ಡೈರಿ ಬರೆ.

ಕೊನೆಯ ಭೇಟಿಯಲ್ಲಿ ವಿದ್ಯಾರ್ಥಿ ಪೆನ್ನು ಕೆಳಗಿಟ್ಟು ಕೂರಬೇಕು. ಆ ವಾರದ ಲೆಕ್ಕ ಬಂದವರೇ ಮಾಡಲಿ. ಕೂಡಿ, ಕಳೆದು, ಭಾಗಿಸಿ, ಮುಂದಿನ ವಾರ ಎಷ್ಟಕ್ಕೆ ಮಲಗಬೇಕು ಅಂತ ಅವರೇ ಹೇಳಲಿ.